ವೇದನೆಯೂ ಉಪಾದಾನವೂ

ಕನ್ನಡದಲ್ಲಿ ವೇದನೆಯೆಂದರೆ ನೋವು. ಬೌದ್ಧರ ಪಾಲಿಯಲ್ಲಾದರೋ ಸುಖ, ದುಃಖ, ಎರಡೂ ಅಲ್ಲದುದು, ಈ ಮೂರು ಬಗೆಯ ಅನುಭವವೂ ವೇದನೆಯೇ. ಇಂದ್ರಿಯಕ್ಕೆ ವಿಷಯದ ಸ್ಪರ್ಶವಾದೊಡನೆ ವೇದನೆಯು ಹುಟ್ಟುವುದು. ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ, ಎಂದರೆ ಬಿಡದ ಹಿಡಿತ.

ವಿನಯಪಿಟಕದ ಪ್ರಕಾರ, ಬುದ್ಧನು ಗಯಾಶೀರ್ಷದಲ್ಲಿ ಸಾವಿರ ಭಿಕ್ಷುಗಳಿಗೆ, ಈ ವೇದನೆಯೂ ರಾಗದ್ವೇಷಮೋಹಗಳಿಂದ ಉರಿಯುತ್ತಿದೆಯೆಂದು ಬೋಧಿಸಿದನು. ಅವರೆಲ್ಲರೂ ಹಿಂದೆ ಅಗ್ನಿಯನ್ನು ಆರಾಧಿಸುತ್ತಿದ್ದ ಜಟಿಲರು. ಬೆಂಕಿಯ ಮಾತು ಅವರಿಗೆ ಹೊಸದಲ್ಲ. ಉಪಾದಾನವೆಂಬ ಪದಕ್ಕೆ ಉರುವಲು ಎಂಬ ಅರ್ಥವೂ ಉಂಟು, ನಿರ್ವಾಣವೆಂದರೆ ಆರಿಹೋಗುವುದು.

ಆದುದರಿಂದ, ಬುದ್ಧನು ಅನುಭವವನ್ನೇ ಅಳಿಸಹೇಳಿದನೆಂಬ ಆಕ್ಷೇಪಣೆಯು ನಿಲ್ಲದು. ದೇಹವಿರುವವರೆಗೆ ಅರ್ಹಂತನಿಗೂ ಸುಖದುಃಖಗಳ ವೇದನೆ ತಪ್ಪದು. ಅವನಲ್ಲಿ ಇಲ್ಲದುದು ಅದಕ್ಕೆ ಅಂಟಿಕೊಳ್ಳುವ ತೃಷ್ಣೆ. ಕಿಡಿ ಬಿದ್ದೇ ಬೀಳುವುದು. ಉರುವಲನ್ನು ಒಡ್ಡುವುದೂ ಬಿಡುವುದೂ ನಮ್ಮ ಕೈಯಲ್ಲಿದೆ.