ಕುಡಿತ ಬಿಟ್ಟ ಮೇಲೆ ಉಳಿಯುವ ಕೆಲಸ



ಮನೆಯಲ್ಲಿ ಒಬ್ಬರು ಕುಡಿತ ಬಿಟ್ಟರೆ ಸಂಸಾರ ತಾನಾಗಿಯೇ ಸರಿಹೋಗುತ್ತದೆ ಎಂದು ನೀವು ಭಾವಿಸಿರಬಹುದು. ಈ ಚರಿತ್ರೆಯನ್ನು ಓದಿದರೆ ಅದು ಅಷ್ಟು ಸುಲಭವಲ್ಲವೆಂದು ತಿಳಿಯುತ್ತದೆ.

1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ದಲ್ಲಾಳಿ ಬಿಲ್ ವಿಲ್ಸನ್ ಅಮೆರಿಕದ ಓಹಿಯೊ ರಾಜ್ಯದ ಆಕ್ರನ್ ನಗರಕ್ಕೆ ಬಂದಿದ್ದರು. ಬಂದ ಕೆಲಸ ಕೈಗೂಡಲಿಲ್ಲ. ಕುಡಿತ ಬಿಟ್ಟು ಐದು ತಿಂಗಳಾಗಿತ್ತಷ್ಟೆ. ತಂಗಿದ್ದ ಹೋಟೆಲಿನಲ್ಲೇ ಪಾನಗೃಹವಿತ್ತು. ಅವರು ಅತ್ತ ಹೋಗದೆ, ತಮ್ಮಂತೆಯೇ ಕುಡಿತದಿಂದ ನರಳುವ ಇನ್ನೊಬ್ಬರನ್ನು ದೂರವಾಣಿಯ ಮೂಲಕ ಹುಡುಕಿದರು. ಹೀಗೆ ಸಿಕ್ಕವರು ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್. ಹದಿನೈದು ನಿಮಿಷಕ್ಕೆಂದು ಆರಂಭವಾದ ಮಾತು ಗಂಟೆಗಟ್ಟಲೆ ನಡೆಯಿತು. 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಸ್ಥೆ ಹುಟ್ಟಿದ್ದು ಹೀಗೆ.

ಜೂನ್‌ನಲ್ಲಿ ಕೊನೆಯ ಬಾರಿ ಕುಡಿದ ಡಾ. ಸ್ಮಿತ್, ತಾವು ಎದುರಿಸಲು ಅಂಜುತ್ತಿದ್ದವರ ಬಳಿಗೆ ತಾವೇ ಹೋಗಿ ತಪ್ಪೊಪ್ಪಿಕೊಂಡರು. 1939ರಲ್ಲಿ ಸಂಸ್ಥೆ ಪ್ರಕಟಿಸಿದ ಗ್ರಂಥದ ಹನ್ನೆರಡು ಹೆಜ್ಜೆಗಳಲ್ಲಿ ಇದಕ್ಕೂ ಸ್ಥಾನ ದೊರೆಯಿತು. ನೋಯಿಸಿದವರ ಪಟ್ಟಿ ಮಾಡುವುದು ಎಂಟನೆಯ ಹೆಜ್ಜೆ. ಸಾಧ್ಯವಾದಲ್ಲೆಲ್ಲ ನೇರವಾಗಿ ಹೋಗಿ ತಪ್ಪನ್ನು ಸರಿಪಡಿಸುವುದು ಒಂಬತ್ತನೆಯದು. ಅದರಿಂದ ಅವರಿಗೋ ಇತರರಿಗೋ ಮತ್ತೆ ನೋವಾಗುವಂತಿದ್ದರೆ ಮಾತ್ರ ಮಾಡಬಾರದು ಎಂಬ ಎಚ್ಚರಿಕೆಯೂ ಉಂಟು. ತನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಇನ್ನೊಬ್ಬರ ತಲೆಯ ಮೇಲೆ ಹೊರೆ ಹೇರಬಾರದಲ್ಲವೇ?

ಇನ್ನು ಮನೆಯವರ ಕಡೆ ನೋಡಿ. ಬಿಲ್ ಅವರ ಪತ್ನಿ ಲೋಯಿಸ್ ವರ್ಷಗಟ್ಟಲೆ ಅಂಗಡಿಯಲ್ಲಿ ದುಡಿದು ಮನೆ ನಡೆಸಿದವರು. ಪತಿ ಕುಡಿತ ಬಿಟ್ಟ ಮೇಲೆ ಒಂದು ದಿನ, ಸಭೆಗೆ ಹೊತ್ತಾಯಿತೆಂದು ಅವರು ಅವಸರಪಡಿಸಿದಾಗ, ಲೋಯಿಸ್ ಸಿಟ್ಟಿನಿಂದ ಷೂ ಎಸೆದರಂತೆ! ಬಯಸಿದ್ದೆಲ್ಲ ಕೈಗೂಡಿದ ಮೇಲೂ ಈ ಕೋಪವೇಕೆ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ವ್ಯಸನಿಯಂತೆ ಮನೆಯವರೂ ಚೇತರಿಸಿಕೊಳ್ಳಬೇಕೆಂಬುದು ಅವರಿಗೆ ಮನದಟ್ಟಾಯಿತು. 1951ರಲ್ಲಿ ಗೆಳತಿಯೊಬ್ಬರೊಡನೆ ಅವರು ಮನೆಯವರಿಗಾಗಿಯೇ 'ಅಲ್-ಅನಾನ್' ಸಂಘಟನೆಯನ್ನು ಕಟ್ಟಿದರು. 1957ರಲ್ಲಿ ಕ್ಯಾಲಿಫೋರ್ನಿಯದ ಹುಡುಗನೊಬ್ಬ ಮಕ್ಕಳಿಗಾಗಿ 'ಅಲಟೀನ್' ಆರಂಭಿಸಿದ. ಅವನು ನಿಮ್ಮ ವಯಸ್ಸಿನವನೇ.

ನಮ್ಮ ದೇಶದಲ್ಲಿಯೂ ಈ ತಿಳಿವಳಿಕೆ ಬೇರೂರಿದೆ. ಕುಡಿತಕ್ಕೆ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಚಿಕಿತ್ಸಾ ಕೇಂದ್ರ ಮನೆಯವರನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಂಡಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವ್ಯಸನಮುಕ್ತಿ ಚಿಕಿತ್ಸೆ ದೊರೆಯುತ್ತದೆ.

ನಿಮ್ಮ ಮನೆಯಲ್ಲಿಯೂ ಇಂಥ ಕಷ್ಟವಿದ್ದರೆ ಅದು ನಿಮ್ಮ ತಪ್ಪಲ್ಲ ಎಂಬುದನ್ನು ಮೊದಲು ತಿಳಿಯಿರಿ. ಅಪ್ಪನೋ ಅಣ್ಣನೋ ಕುಡಿತ ಬಿಟ್ಟ ಮರುದಿನವೇ ಅವರನ್ನು ನಂಬಲು ನಿಮಗೆ ಆಗದಿರಬಹುದು. ಅದಕ್ಕಾಗಿ ನಾಚಬೇಡಿ. ಹೇಳಿದ ಹೊತ್ತಿಗೆ ಮನೆಗೆ ಬರುವುದು, ಕೊಟ್ಟ ಮಾತಿನಂತೆ ಶುಲ್ಕ ಕಟ್ಟುವುದು, ಹೀಗೆ ದಿನದಿನದ ನಡೆಯಿಂದಲೇ ನಂಬಿಕೆ ಮರಳಬೇಕು. ಅಲ್ಲಿಯವರೆಗೆ ನಿಮ್ಮ ಮನಸ್ಸಿನ ಮಾತನ್ನು ನಂಬಿಕಸ್ಥ ಅಧ್ಯಾಪಕರೊಬ್ಬರಲ್ಲಿಯೋ ಹಿರಿಯರಲ್ಲಿಯೋ ಹೇಳಿಕೊಳ್ಳಿ.