ಮೆಟ್ಟಿಲು ಎಣಿಸಿದವರು, ಪಾಲು ಎಣಿಸಿದವರು

ವಿಚಾರ ಸಂಕಿರಣಗಳಲ್ಲಿ ಈಗ ಒಂದು ವಾದ ಚಾಲ್ತಿಯಲ್ಲಿದೆ. ಜಾತಿಯ ಮೇಲು-ಕೀಳು ಕರಗಿತು, ಉಳಿದಿರುವುದು ಅಸ್ಮಿತೆ ಮಾತ್ರ; ಒಂದೊಂದು ಜಾತಿಯೂ ತನ್ನ ಮಠ, ತನ್ನ ಸಮಾವೇಶ, ತನ್ನ ಜಯಂತಿಯೊಂದಿಗೆ ಇನ್ನೊಂದರ ಪಕ್ಕದಲ್ಲಿ ನಿಂತಿದೆಯೇ ಹೊರತು ಮೇಲೆ ಕೆಳಗೆ ಅಲ್ಲ, ಎಂದು. ಇದನ್ನು ಒಪ್ಪಬೇಕಾದರೆ ಸಾಮಾಜಿಕ ಅಂತಸ್ತಿನ ಬಗ್ಗೆ ಕರ್ನಾಟಕದಲ್ಲಿ ನೂರು ವರ್ಷಗಳಿಂದ ನಡೆದಿರುವ ಅಧ್ಯಯನದ ಅರ್ಧವನ್ನು ಮರೆಯಬೇಕಾಗುತ್ತದೆ. ಮರೆತದ್ದೂ ಆಗಿದೆ. ಸಮಾಜಶಾಸ್ತ್ರದ ತರಗತಿಗಳಲ್ಲಿ ಹಳ್ಳಿ ಅಧ್ಯಯನಗಳಿಗೆ ಸಿಕ್ಕ ಮರ್ಯಾದೆ ಹಿಂದುಳಿದ ವರ್ಗಗಳ ಆಯೋಗಗಳ ವರದಿಗಳಿಗೆ ಸಿಗಲಿಲ್ಲ. ಹಳ್ಳಿಗೆ ಹೋದವರು ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ನೋಡಿದರು. ಆಯೋಗಗಳು ಆ ಮೆಟ್ಟಿಲಿನಿಂದ ಯಾರಿಗೆಷ್ಟು ದಕ್ಕಿತು ಎಂದು ಲೆಕ್ಕ ಹಾಕಿದವು. ಎರಡನೆಯದನ್ನು ಶಾಸ್ತ್ರವೆಂದೇ ಎಣಿಸದೆ ಸರ್ಕಾರಿ ಕಡತವೆಂದು ಬದಿಗಿಟ್ಟಿದ್ದರಿಂದಲೇ ಇಂದಿನ ಅಸ್ಮಿತಾವಾದಕ್ಕೆ ಇಷ್ಟು ಜಾಗ ಸಿಕ್ಕಿದೆ.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1901ರ ಜನಗಣತಿಯಲ್ಲಿ ಹರ್ಬರ್ಟ್ ರಿಸ್ಲೆ ಜಾತಿಗಳನ್ನು ಶ್ರೇಣಿಯಾಗಿ ಜೋಡಿಸಹೊರಟ. ಯಾರ ಕೈನೀರು ಯಾರಿಗೆ ನಡೆಯುತ್ತದೆ ಎಂಬಂಥ ಸಂಗತಿಗಳೇ ಅಳತೆಗೋಲಾದವು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟ ಹೊರತಂದ; ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯ, ಅನಂತಕೃಷ್ಣ ಅಯ್ಯರ್ ಅದೇ ದಾರಿ ಹಿಡಿದರು. ಮದುವೆ, ಸೂತಕ, ಕುಲದೇವರು ಎಲ್ಲ ಅಲ್ಲಿ ಸಿಗುತ್ತವೆ. ಕಚೇರಿಯ ಕುರ್ಚಿ ಯಾರದು ಎಂಬುದು ಸಿಗುವುದಿಲ್ಲ. ಆ ಪ್ರಶ್ನೆಯನ್ನು ಎತ್ತಿದ್ದು ವಿದ್ವಾಂಸರಲ್ಲ, ಬ್ರಾಹ್ಮಣೇತರ ಮುಖಂಡರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲ್ದರ್ಜೆ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳದರ್ಜೆಯಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಕ್ಷತೆಯ ವಾದ ಹಿಡಿದಿದ್ದ ದಿವಾನ ವಿಶ್ವೇಶ್ವರಯ್ಯ ಅಷ್ಟರಲ್ಲಿ ಹುದ್ದೆ ಬಿಟ್ಟಿದ್ದರು. ಪಾಲಿನ ಲೆಕ್ಕ ಮೊದಲಾದದ್ದು ಇಲ್ಲಿ.

ಸ್ವಾತಂತ್ರ್ಯಾನಂತರ ಶಾಸ್ತ್ರ ಮತ್ತೆ ಮೆಟ್ಟಿಲಿನತ್ತ ತಿರುಗಿತು. ಎಂ.ಎನ್. ಶ್ರೀನಿವಾಸ್ ಕೊಡವರ ಕುರಿತ ತಮ್ಮ 1952ರ ಗ್ರಂಥದಲ್ಲಿ ಸಂಸ್ಕೃತೀಕರಣದ ಪರಿಕಲ್ಪನೆಯನ್ನು ಮುಂದಿಟ್ಟರು: ಕೆಳಗಿನ ಜಾತಿ ಮಾಂಸ-ಮದ್ಯ ಬಿಟ್ಟು, ಮೇಲಿನವರ ಆಚಾರ ಹಿಡಿದು, ಒಂದೆರಡು ತಲೆಮಾರಿನಲ್ಲಿ ಮೇಲೇರುತ್ತದೆ. 1948ರಲ್ಲಿ ಅವರು ನೆಲೆಸಿ ನೋಡಿದ, ರಾಂಪುರವೆಂದು ಹೆಸರಿಟ್ಟ ಹಳ್ಳಿಯಿಂದ ಬಂದದ್ದು ಪ್ರಬಲ ಜಾತಿಯ ಪರಿಕಲ್ಪನೆ. ಭೂಮಿ, ಜನಸಂಖ್ಯೆ, ಅಧಿಕಾರಗಳನ್ನು ಒಟ್ಟಿಗೆ ನೋಡುವ ಇದು ಮೊದಲನೆಯದಕ್ಕಿಂತ ಎಷ್ಟೋ ಗಟ್ಟಿ. ಜಗತ್ತು ಮಾತ್ರ ಮೊದಲನೆಯದನ್ನೇ ಹೊತ್ತು ಮೆರೆಸಿತು. ಆದರೆ ಹಳೇ ಮೈಸೂರಿನ ಒಕ್ಕಲಿಗರು ಮೇಲೆ ಬಂದದ್ದು ಬಾಡೂಟ ಬಿಟ್ಟಲ್ಲ. ಭೂಮಿಯಿಂದ, ಮತದಿಂದ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳಿಂದ. ಲೂಯಿ ಡ್ಯೂಮೋನ ಶುದ್ಧ-ಅಶುದ್ಧದ ಸಿದ್ಧಾಂತವಂತೂ ಪಹಣಿ ನೋಡಿದವರ ಉಪಯೋಗಕ್ಕೆ ಹೆಚ್ಚೇನೂ ಬರಲಿಲ್ಲ. ಆ ಕಾಲದ ಬರವಣಿಗೆಯಲ್ಲಿ ಇಂದಿಗೂ ಮಾಸದೆ ಉಳಿದಿರುವುದು ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ 1962ರ ಪುಸ್ತಕ. ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅವರು ಹೋಲಿಸಿದರು. ವಂಗಲ ಎಂದು ಅವರು ಕರೆದ ಹಳ್ಳಿಗೆ ನಾಲೆಯ ನೀರು ಬಂತು, ಕಬ್ಬು ಬಂತು, ದುಡ್ಡು ಬಂತು. ಒಕ್ಕಲಿಗ ಜಮೀನ್ದಾರನಿಗೂ ಆದಿಕರ್ನಾಟಕ ಕೂಲಿಯವನಿಗೂ ವಂಶಪಾರಂಪರ್ಯವಾಗಿದ್ದ ಕಟ್ಟು ಹಾಗೆಯೇ ಉಳಿಯಿತು. ನೀರು ಹತ್ತದ ದಾಲೇನದ ಜನ ಮಂಡ್ಯದ ಪೇಟೆ, ನೌಕರಿ, ವ್ಯಾಪಾರದತ್ತ ಹೊರಟರು. ಅಲ್ಲಿ ಆ ಕಟ್ಟು ಸಡಿಲವಾಯಿತು. ದುಡ್ಡು ಬಂದರೆ ಅಂತಸ್ತಿನ ಭೇದ ತಾನಾಗಿ ಅಳಿಯುತ್ತದೆ ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಕೆಲಸ ಕೊಡುವವನು ಯಾರು, ಬೇರೆ ದಾರಿ ಇದೆಯೇ ಎಂಬುದು ನಿರ್ಣಾಯಕ.

ಪಾಲಿನ ಲೆಕ್ಕ ಪ್ರೌಢವಾದದ್ದು ಅರವತ್ತು-ಎಪ್ಪತ್ತರ ದಶಕಗಳಲ್ಲಿ. ನಾಗನಗೌಡ ಸಮಿತಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಜಾತಿಯ ಸಾವಿರ ಜನರಿಗೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿತು. ರಾಜ್ಯದ ಸರಾಸರಿ 6.9. ಸರ್ಕಾರ ಹಿಂದುಳಿದವರ ಪಟ್ಟಿಗೆ ಸೇರಿಸಿದ ಲಿಂಗಾಯತರದು 7.1. ಒಟ್ಟು ಮೀಸಲು ಶೇ. 68 ಆಗಿತ್ತು. 1962ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಸರಾಸರಿಯ ಆಸುಪಾಸಿನಲ್ಲಿರುವವರನ್ನು ಹಿಂದುಳಿದವರೆನ್ನಲಾಗದು ಎಂದಿತು. ಆಯೋಗಗಳೆಂದರೆ ರಾಜಕೀಯ ಒತ್ತಡಕ್ಕೆ ಗೆರೆ ಬಗ್ಗಿಸುವ ಕಸರತ್ತು ಎನ್ನುವವರು ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಗೆರೆ ಬಗ್ಗಿದ್ದು ನಿಜ. ಬಗ್ಗಿದೆ ಎಂದು ಗೊತ್ತಾದದ್ದು ಹೇಗೆ? ಅಂಕಿ ಅಚ್ಚಾಗಿದ್ದರಿಂದ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸಲು ಬರುತ್ತಿರಲಿಲ್ಲ, 6.9 ಮತ್ತು 7.1ರ ನಡುವಿನ ಅಂತರವನ್ನು ಪ್ರಶ್ನಿಸಬಹುದಿತ್ತು, ಪ್ರಶ್ನಿಸಿದರು. ತನ್ನ ತಪ್ಪನ್ನು ತೋರಿಸಿಕೊಡುವ ಸಾಧನವನ್ನು ತಾನೇ ಒದಗಿಸುವುದು ಶಾಸ್ತ್ರದ ಲಕ್ಷಣವಲ್ಲವೇ?

ಮುಂದೆ ದೇವರಾಜ ಅರಸು 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಒಕ್ಕಲಿಗರನ್ನು ಸೇರಿಸಿ ಲಿಂಗಾಯತರನ್ನು ಬಿಟ್ಟದ್ದರ ಜಗಳದಲ್ಲಿ ಅದರ ಮುಖ್ಯ ಸಾಧನೆಯೇ ಮರೆಗೆ ಸರಿಯಿತು: ಹೆಸರೇ ಕೇಳಿರದ ಎಷ್ಟೋ ಸಣ್ಣ ಜಾತಿಗಳು ಅಲ್ಲಿ ಮೊದಲ ಬಾರಿಗೆ ಹಕ್ಕುದಾರರಾಗಿ ಕಾಣಿಸಿಕೊಂಡವು. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ತೆಗೆಯಿತು. ಗೇಣಿಗೂ ಭೂಮಿ ಸಿಗದಿದ್ದ ದಲಿತ ಕೂಲಿಗೆ ಅದರಿಂದ ಸಿಕ್ಕಿದ್ದು ಕಡಿಮೆ. ಆ ಕೊರತೆಯನ್ನು ಬರೆದಿಟ್ಟದ್ದು ಸಮಾಜಶಾಸ್ತ್ರಕ್ಕಿಂತ ಹೆಚ್ಚಾಗಿ ಸಾಹಿತ್ಯ ಮತ್ತು ಚಳವಳಿ. 1973ರ ಬೂಸಾ ಪ್ರಕರಣ, ಅದರ ಬೆನ್ನಿಗೆ ಬಂದ ದಲಿತ ಸಂಘರ್ಷ ಸಮಿತಿ, ದೇವನೂರ ಮಹಾದೇವರ ಕಥನ, ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವೆಲ್ಲ ಅವಕಾಶದ ಚರಿತ್ರೆಯೂ ಹೌದು. ‘ಊರು ಕೇರಿ’ಯಲ್ಲಿ ಹಾಸ್ಟೆಲ್ ಎಷ್ಟು ದೊಡ್ಡ ಜಾಗ ಹಿಡಿದಿದೆ ನೋಡಿ: ಊಟ, ಪುಸ್ತಕ, ಗೆಳೆತನ, ಭಾಷಣ, ರಾಜಕೀಯ ಎಲ್ಲ ಅಲ್ಲಿಂದಲೇ. ಓದುವ ಹುಡುಗನಿಗೆ ರಾತ್ರಿ ಮಲಗಲು ಜಾಗವಿದೆಯೇ ಎಂಬುದು ಅಂತಸ್ತಿನ ಯಾವ ಸಿದ್ಧಾಂತಕ್ಕಿಂತಲೂ ಕಡಿಮೆ ಮುಖ್ಯವಲ್ಲ.

ನಗರ ಮತ್ತು ಇಂಗ್ಲಿಷ್ ಬಂದ ಮೇಲೆ ಇದೆಲ್ಲ ಹಳೆಯ ಕತೆ ಎಂಬ ಆಕ್ಷೇಪ ಉಳಿಯುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅರ್ಹತೆ ಒಂದೇ ಆದರೂ ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳುಹಿಸಿ, ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳನ್ನು ಅಧ್ಯಯನ ಮಾಡಿದ ಕ್ಯಾರಲ್ ಉಪಾಧ್ಯ ಪ್ರತಿಭೆ ಎನ್ನುವುದರ ಹಿಂದೆ ಕುಟುಂಬದ ಶಿಕ್ಷಣ, ಭಾಷೆ, ನಡವಳಿಕೆಯ ಬಂಡವಾಳವಿರುವುದನ್ನು ತೋರಿಸಿದರು. ಎಣಿಸಿದರೆ ಜಾತಿ ಗಟ್ಟಿಯಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. 1931ರ ನಂತರ ಜನಗಣತಿ ಪರಿಶಿಷ್ಟರನ್ನುಳಿದು ಬೇರೆ ಜಾತಿಗಳ ಅಂಕಿಗಳನ್ನು ಪ್ರಕಟಿಸಿಲ್ಲ. ಅಷ್ಟು ದಶಕಗಳ ಮೌನದಿಂದ ಜಾತಿ ಸಣ್ಣದಾಗಿದ್ದರೆ ಈ ವಾದಕ್ಕೆ ಬಲವಿರುತ್ತಿತ್ತು.

ಹಾಗಿದ್ದೂ ನಮ್ಮ ಕ್ಷೇತ್ರದ ಖಾಲಿ ಜಾಗಗಳು ಒಂದು ಮಾದರಿಯಲ್ಲಿವೆ. ಕೆಳಗಿನವರ ಬಗ್ಗೆ ಪಿಎಚ್.ಡಿ.ಗಳು ರಾಶಿ ಬಿದ್ದಿವೆ. ಮೇಲಿನವರು ತಮ್ಮ ಸ್ಥಾನವನ್ನು ಹೇಗೆ ಮಕ್ಕಳಿಗೆ ದಾಟಿಸುತ್ತಾರೆ ಎಂಬುದರ ಬಗ್ಗೆ ಬೆರಳೆಣಿಕೆಯಷ್ಟು. ಸರ್ಕಾರಿ ಹುದ್ದೆಯ ಪಾಲು ಗೊತ್ತು. ಖಾಸಗಿ ಆಸ್ಪತ್ರೆ, ಬ್ಯಾಂಕ್, ಪತ್ರಿಕಾ ಕಚೇರಿಯ ಪಾಲು ಗೊತ್ತಿಲ್ಲ. ಆಯೋಗಗಳ ಕೋಷ್ಟಕಗಳಲ್ಲಿ ಜಾತಿ ಒಂದು ಏಕಕವಾದದ್ದರಿಂದ ಅದರೊಳಗಿನ ಹೆಂಗಸಿನ ಅಂತಸ್ತು ಕಾಣುವುದೇ ಇಲ್ಲ. 2015ರಲ್ಲಿ ನಡೆದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರಲ್ಲಿ; 2025ರಲ್ಲಿ ಮತ್ತೆ ಹೊಸ ಸಮೀಕ್ಷೆ ಶುರುವಾಯಿತು. ಹೊಸದರ ಜಗಳವೂ ಯಾವ ಜಾತಿಯ ಜನ ಎಷ್ಟು ಎಂಬಲ್ಲೇ ನಿಂತರೆ ಅಸ್ಮಿತಾವಾದಿಗಳ ಮಾತೇ ನಿಜವೆಂಬಂತೆ ತೋರೀತು. ತಲೆಯ ಎಣಿಕೆಯಷ್ಟೇ ಸಾಲದು. ಜಮೀನು, ಪದವಿ, ಸಂಬಳ ಇವು ಯಾವ ಜಾತಿಯಲ್ಲಿ ಯಾರ ಕೈಯಲ್ಲಿವೆ ಎಂಬ ಕೋಷ್ಟಕಗಳನ್ನು ಹೆಣ್ಣು-ಗಂಡು ಬೇರೆ ಮಾಡಿ, ಎಲ್ಲ ಸಂಶೋಧಕರಿಗೂ ಸಿಗುವಂತೆ ಪ್ರಕಟಿಸಬೇಕು. ಜಾತಿಗಳು ಪಕ್ಕಪಕ್ಕದಲ್ಲಿ ನಿಂತಿವೆಯೋ ಮೇಲೆ ಕೆಳಗೋ ಎಂಬುದನ್ನು ಆಗ ಸಂಕಿರಣದಲ್ಲಿ ವಾದಿಸಬೇಕಾಗಿಲ್ಲ.