ಹೊಳೆ ದಂಡೆಯ ಮೆಟ್ಟಿಲು ಓದೋದು ಹೆಂಗ?

ಇವತ್ತು ಬೆಳೆ ಬಗ್ಗೆ ಅಲ್ಲ, ಬೆಳೆ ನಿಂತ ನೆಲದ ಬಗ್ಗೆ ಬರೆದೀನಿ. ಸ್ವಲ್ಪ ಉದ್ದ ಆಗೇತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಹೊಳೆಯಿಂದ ಊರ ಕಡೆ ಹತ್ತುವಾಗ ಬಹಳ ಕಡೆ ನೆಲ ಒಂದೇ ಸಮ ಏರೋದಿಲ್ಲ. ಒಂದು ಸಪಾಟು ಬರುತ್ತೆ, ಆಮೇಲೆ ಒಂದು ಏರು, ಮತ್ತೆ ಸಪಾಟು. ಮೇಲಿನ ಸಪಾಟಿನಲ್ಲಿ ಬಾವಿ ತೋಡಿದರೆ ಮಣ್ಣಿನ ಕೆಳಗೆ ಗುಂಡನೆಯ ಹರಳು, ಗರಸು ಸಿಗುತ್ತೆ. ಮೂಲೆ ಸವೆದು ಗುಂಡಗಾದ ಕಲ್ಲು ಅಂದ್ರ ನೀರು ಉರುಳಿಸಿ ತಂದ ಕಲ್ಲು. ಅಂದರೆ ಒಂದು ಕಾಲಕ್ಕೆ ಹೊಳೆ ಅಷ್ಟು ಎತ್ತರದಲ್ಲಿ ಹರೀತಿತ್ತು. ಆಮೇಲೆ ಕಡಿದುಕೊಂಡು ಕೆಳಗೆ ಇಳೀತು, ಹಳೇ ತಳ ಮೇಲೇ ಉಳೀತು. ಇಂಥದ್ದಕ್ಕೆ ನದಿ ಮೆಟ್ಟಿಲು ಅನ್ನಬಹುದು. ಸಾಮಾನ್ಯವಾಗಿ ಮೇಲಿನ ಮೆಟ್ಟಿಲು ಹಳೇದು, ಕೆಳಗಿನದು ಹೊಸದು.

ಹೊಳೆ ಯಾಕೆ ಕೆಳಗೆ ಇಳೀತು ಅನ್ನೋದೇ ಪ್ರಶ್ನೆ.

ಇದು ನೀರು ಹಾಯಿಸುವ ರೈತನಿಗೆ ಬೇಗ ತಿಳಿಯುತ್ತೆ. ಕಾಲುವೆಗೆ ನೀರು ಕಡಿಮೆ ಬಿಟ್ಟು ಮಣ್ಣು ಜಾಸ್ತಿ ಬಂದರೆ ಹೂಳು ತುಂಬುತ್ತೆ. ನೀರು ಜೋರು ಬಿಟ್ಟು ಮಣ್ಣು ಕಡಿಮೆ ಆದರೆ ತಳ ಕೊರೀತದೆ. ಹೊಳೆದೂ ಇದೇ ಲೆಕ್ಕ. ಮಳೆ, ಚಳಿ, ಗುಡ್ಡದ ಮೇಲಿನ ಗಿಡಗಂಟಿ ಬದಲಾದಾಗ ನೀರಿನ ಮತ್ತು ಮಣ್ಣಿನ ಪ್ರಮಾಣ ಬದಲಾಗುತ್ತೆ. ಆಗ ಹೊಳೆ ಒಮ್ಮೆ ತುಂಬುತ್ತೆ, ಒಮ್ಮೆ ಕಡೀತದೆ. ಇದು ಹವಾಮಾನದ ಕೆಲಸ.

ಇನ್ನೊಂದು ಕಾರಣ ಐತಿ. ನೀರು ಅಷ್ಟೇ ಇರಲಿ, ಕಾಲುವೆಯ ಇಳಿಜಾರು ಹೆಚ್ಚಾದರೂ ತಳ ಕೊರೀತದೆ. ಭೂಮಿಯೇ ಒಳಗಿನಿಂದ ಎದ್ದರೆ ಹೊಳೆಗೂ ಹಂಗೇ ಆಗುತ್ತೆ. ಎರಡರಲ್ಲೂ ಕೊನೆಗೆ ಕಾಣೋದು ಮೆಟ್ಟಿಲೇ. ದೂರದಿಂದ ನೋಡಿ ಇದು ಮಳೆ ಮಾಡಿದ್ದೋ, ಭೂಮಿ ಎದ್ದು ಆಗಿದ್ದೋ ಅಂತ ಹೇಳೋಕಾಗಲ್ಲ. ಇದನ್ನ ಅವಸರದಲ್ಲಿ ಓದಿದ್ದರಿಂದ ಒಂದು ದೊಡ್ಡ ತಪ್ಪು ಆಯ್ತು. ಆ ಕಥೆ ಹೇಳ್ತೀನಿ.

ಈಗಿನ ಪಾಕಿಸ್ತಾನದ ರಾವಲ್ಪಿಂಡಿ ಹತ್ತಿರ ಸೋನ್ ಅಂತ ಒಂದು ನದಿ ಐತಿ, ಸಿಂಧೂ ನದಿಗೆ ಸೇರುತ್ತೆ. ಅದು ಹರಿಯುವ ಪೋಟ್ವಾರ್ ಪ್ರಸ್ಥಭೂಮಿ ಹಿಮಾಲಯದ ಬುಡದಲ್ಲಿದೆ. 1935ರಲ್ಲಿ ಹೆಲ್ಮುಟ್ ಡಿ ಟೆರ್ರಾ ಎಂಬ ಭೂವಿಜ್ಞಾನಿ ಮತ್ತು ಟಿ.ಟಿ. ಪ್ಯಾಟರ್ಸನ್ ಅಲ್ಲಿಗೆ ಬಂದರು. ಸೋನ್ ದಂಡೆಯ ಸಪಾಟುಗಳಿಗೆ ಒಂದೊಂದಾಗಿ ನಂಬರು ಕೊಟ್ಟರು. 1939ರಲ್ಲಿ ಪುಸ್ತಕ ಹೊರಬಂತು.

ಅವರ ಕೈಯಲ್ಲಿ ಒಂದು ಕೀಲಿಕೈ ಮೊದಲೇ ಇತ್ತು. ಯುರೋಪಿನ ಆಲ್ಪ್ಸ್ ಪರ್ವತದ ಹೊಳೆಗಳ ಗರಸು ನೋಡಿ ಪೆಂಕ್ ಮತ್ತು ಬ್ರೂಕ್ನರ್ ಎಂಬ ಇಬ್ಬರು 1909ರ ಹೊತ್ತಿಗೆ ನಾಲ್ಕು ಹಿಮಯುಗಗಳ ಪಟ್ಟಿ ಮಾಡಿದ್ದರು. ಡಿ ಟೆರ್ರಾ ಮತ್ತು ಪ್ಯಾಟರ್ಸನ್ ಕಾಶ್ಮೀರದ ಹಿಮನದಿಗಳ ಗುರುತನ್ನ ಅಂಥದೇ ನಾಲ್ಕು ಹಿಮಯುಗಕ್ಕೆ ಜೋಡಿಸಿದರು. ಆಮೇಲೆ ಸೋನ್ ಮೆಟ್ಟಿಲುಗಳನ್ನೂ ಅದೇ ಲೆಕ್ಕಕ್ಕೆ ಕಟ್ಟಿದರು. ಯಾವ ಮೆಟ್ಟಿಲ ಮೇಲೆ ಆದಿಮಾನವನ ಕಲ್ಲಿನ ಆಯುಧ ಸಿಕ್ತೋ ಆ ಮೆಟ್ಟಿಲಿನ ವಯಸ್ಸೇ ಆಯುಧದ ವಯಸ್ಸು ಅಂತ ಆಯ್ತು. ಮುಂದಿನ ಕೆಲವು ದಶಕ ಭಾರತದ ಆದಿಮಾನವನ ಇತಿಹಾಸ ಬರೆದವರು ಬಹಳ ಮಂದಿ ಈ ಲೆಕ್ಕದ ಮೇಲೇ ನಿಂತರು.

1980ರ ದಶಕದಲ್ಲಿ ಹೆಲೆನ್ ರೆಂಡೆಲ್, ರಾಬಿನ್ ಡೆನೆಲ್ ಮತ್ತು ಅವರ ತಂಡದವರು ಅದೇ ಜಾಗಕ್ಕೆ ಹೋಗಿ ನೆಲವನ್ನ ಮತ್ತೆ ನೋಡಿದರು. ಲೆಕ್ಕ ಬಿಚ್ಚಿಹೋಯ್ತು. ಮೆಟ್ಟಿಲು ಅಂತ ನಂಬರು ಕೊಟ್ಟ ಸಪಾಟುಗಳಲ್ಲಿ ಹಲವು ಹೊಳೆ ಕಟ್ಟಿದ ಮೆಟ್ಟಿಲುಗಳೇ ಅಲ್ಲ, ಸವೆದು ಉಳಿದ ನೆಲ. ಆ ಪ್ರದೇಶವೋ ಹಿಮಾಲಯದ ಒತ್ತಡಕ್ಕೆ ಸಿಕ್ಕಿ ಹಾಸಿಗೆ ಮಡಚಿದಂಗ ಮಡಚಿಕೊಂಡಿದೆ. ಅಲ್ಲಿ ಹೊಳೆ ಕಡಿದದ್ದಕ್ಕೆ ಹಿಮಯುಗ ಒಂದನ್ನೇ ಕಾರಣ ಮಾಡೋಕೆ ಬರೋದಿಲ್ಲ. ಭೂಮಿಯ ಚಲನೆಯನ್ನ ಲೆಕ್ಕಕ್ಕೆ ಹಿಡಿಯದೆ ಬರೇ ಹವಾಮಾನ ಓದಿದ್ದು ಮೊದಲಿನವರ ತಪ್ಪು. ಅವರು ದಡ್ಡರಲ್ಲ, ಶ್ರಮಪಟ್ಟು ತಿರುಗಿದವರು. ಆದರೆ ಬೇರೆ ನೆಲದ ಕೀಲಿಕೈ ಹಿಡಿದು ಈ ನೆಲದ ಬೀಗ ತೆಗೆಯೋಕೆ ಹೋದರು. ಎರೆ ಮಣ್ಣಿನ ಗೊಬ್ಬರದ ಲೆಕ್ಕ ಮಸಾರಿಗೆ ಹಾಕಿದಂಗ.

ಹಂಗಾದರೆ ಸರಿಯಾಗಿ ಓದೋದು ಹೆಂಗ? ಎರಡು ಕೆಲಸ ಬೇಕು.

ಮೊದಲನೇದು ವಯಸ್ಸು. ಮರಳಿನ ಕಣ ಮಣ್ಣಲ್ಲಿ ಹೂತ ಮೇಲೆ ಸುತ್ತಲಿನ ವಿಕಿರಣದ ಶಕ್ತಿಯನ್ನ ಸ್ವಲ್ಪ ಸ್ವಲ್ಪ ಕೂಡಿಟ್ಟುಕೊಳ್ಳುತ್ತೆ. ಬಿಸಿಲು ಬಿದ್ದರೆ ಅದು ಖಾಲಿ. ಅದಕ್ಕೇ ಕಬ್ಬಿಣದ ಪೈಪು ಹೊಡೆದು, ಬೆಳಕು ತಾಗದಂಗ ಮರಳು ತೆಗೆದು, ಪ್ರಯೋಗಾಲಯದ ಕತ್ತಲಲ್ಲಿ ಅಳೀತಾರೆ. ಆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ತಿಳಿಯುತ್ತೆ.

ಎರಡನೇದು ಆಕಾರ. ಒಂದೇ ಮೆಟ್ಟಿಲನ್ನ ಹೊಳೆಯ ಉದ್ದಕ್ಕೂ ಅಳತೆ ಮಾಡ್ತಾ ಹೋಗಬೇಕು. ಹವಾಮಾನದಿಂದ ಆದದ್ದಾದರೆ ಅದು ಹೆಚ್ಚುಕಡಿಮೆ ಹೊಳೆಯ ಇಳಿಜಾರನ್ನೇ ಹಿಡಿದು ಹೋಗುತ್ತೆ. ಒಂದು ಜಾಗದಲ್ಲಿ ಡುಬ್ಬ ಎದ್ದಿದ್ದರೆ ಅಲ್ಲಿ ಕೆಳಗಿನ ಭೂಮಿ ಎದ್ದಿದೆ ಅಂತ ಅರ್ಥ. ನೇಪಾಳದ ಬಾಗ್ಮತಿ ನದಿಯಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದನ್ನೇ ಮಾಡಿದರು. ಮೆಟ್ಟಿಲುಗಳು ಹಿಮಾಲಯದ ಅಂಚಿನಲ್ಲಿ ಬಾಗಿ ಮೇಲೆದ್ದಿದ್ದವು. ಅಲ್ಲಿನ ಬಿರುಕಿನಲ್ಲಿ ಭೂಮಿ ವರ್ಷಕ್ಕೆ ಸರಾಸರಿ 21 ಮಿಲಿಮೀಟರ್ ಜರುಗುತ್ತಿದೆ ಅಂತ ಲೆಕ್ಕ ಸಿಕ್ತು. ಆ ಸೀಮೆಯ ಭೂಕಂಪದ ಅಪಾಯ ತಿಳಿಯೋಕೆ ಇದು ಬಹಳ ಮುಖ್ಯವಾದ ಸಂಖ್ಯೆ. ಅದನ್ನ ಹೇಳಿದ್ದು ಹೊಳೆ ದಂಡೆಯ ಗರಸು ನೋಡ್ರಿ.

ನಮ್ಮ ಸೀಮೆಗೂ ಈ ಇತಿಹಾಸದಲ್ಲಿ ಜಾಗ ಐತಿ. ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದ್ರಾಸ್ ಹತ್ತಿರ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲುಗೊಡಲಿ ಹುಡುಕಿದವರು. ಆಮೇಲೆ ಬೆಳಗಾವಿ, ಕಲಾದಗಿ ಸೀಮೆಯ ಭೂವಿವರ ಬರೆದು 1876ರಲ್ಲಿ ಪ್ರಕಟಿಸಿದರು. ಮಲಪ್ರಭಾ ದಂಡೆಯ ಅಧ್ಯಯನವನ್ನ ಆರ್.ವಿ. ಜೋಶಿ 1955ರಲ್ಲಿ ಪುಸ್ತಕ ಮಾಡಿದರು. ಬಾಗಲಕೋಟೆ ಜಿಲ್ಲೆಯ ಅನಗವಾಡಿಯಲ್ಲಿ ಘಟಪ್ರಭೆಯ ಗರಸಿನೊಳಗೇ ಕಲ್ಲುಗೊಡಲಿ ಸಿಕ್ಕಾವು. ಇಲ್ಲಿ ಹಿಮಾಲಯದಂಥ ಜೋರು ಇಲ್ಲ, ನಮ್ಮದು ಹಳೇ ಗಟ್ಟಿ ನೆಲ. ಹಾಗಾಗಿ ಮೆಟ್ಟಿಲುಗಳೂ ಗಿಡ್ಡ, ಗರಸಿನ ಪದರವೂ ತೆಳು. ತೆಳು ಇರೋದಕ್ಕೇ ಬೇಗ ಹಾಳಾಗುತ್ತೆ.

ನಾನು ಇದನ್ನ ಬರೆದಿದ್ದೂ ಅದಕ್ಕೇ. ಸೋನ್ ಕಥೆಯಲ್ಲಿ ತಪ್ಪು ಓದಿದರೂ ನೆಲ ಉಳಿದಿತ್ತು, ಐವತ್ತು ವರ್ಷದ ಮೇಲೆ ಬಂದವರು ಮತ್ತೆ ಓದಿದರು. ನಮ್ಮಲ್ಲಿ ಈಗ ಗರಸು ರಸ್ತೆಗೆ ಹೋಗ್ತಿದೆ, ಏರು ತಗ್ಗು ಇದ್ದ ಹೊಲವನ್ನ ಜೆಸಿಬಿ ಒಂದೇ ದಿನದಲ್ಲಿ ಸಮ ಮಾಡುತ್ತೆ. ಹೊಲ ಸಮ ಮಾಡಬೇಡ್ರಿ ಅಂತ ನಾನು ಹೇಳಲ್ಲ, ನೀರು ಹಾಯಿಸೋರ ಕಷ್ಟ ನನಗೂ ಗೊತ್ತು. ಆದರೆ ಕಡಿದ ಮೇಲೆ ಮತ್ತೆ ಓದೋಕೆ ಏನೂ ಇರೋದಿಲ್ಲ.

ಇನ್ನೊಂದು ಮಾತು. ಎಲ್ಲಕ್ಕಿಂತ ಕೆಳಗಿನ ಸಪಾಟನ್ನ ಹೊಳೆ ಇನ್ನೂ ಕಟ್ಟುತ್ತಾ ಇದೆ. 2009ರಲ್ಲಿ, 2019ರಲ್ಲಿ ನೀರು ಏರಿ ಬಂದದ್ದು ಮೊದಲು ಆ ಸಪಾಟಿಗೇ. ಅಲ್ಲಿ ಮೆಕ್ಕಲು ಮಣ್ಣು ಚೆನ್ನಾಗಿರುತ್ತೆ, ಬೆಳೆ ಹಾಕ್ರಿ. ಮನೆ ಕಟ್ಟೋ ಮುಂಚೆ ಮಾತ್ರ ಎಷ್ಟನೇ ಮೆಟ್ಟಿಲಲ್ಲಿ ನಿಂತೀವಿ ಅಂತ ನೋಡ್ಕೊಳ್ರಿ.

ಬಾವಿ ತೋಡುವಾಗ, ದಂಡೆ ಕಡಿಯುವಾಗ ಗರಸು ಕಂಡರೆ ಮೇಲಿಂದ ಎಷ್ಟು ಅಡಿ ಮಣ್ಣು, ಎಷ್ಟು ಅಡಿ ಹರಳು ಅಂತ ಟೇಪು ಹಿಡಿದು ಬರೆದಿಡ್ರಿ, ಒಂದು ಫೋಟೊ ತಕ್ಕೊಳ್ರಿ. ಅಂಚು ಚೂಪಾಗಿ ಕೆತ್ತಿದಂಥ ಕಲ್ಲು ಗರಸಿನಲ್ಲಿ ಕಂಡರೆ ಕಿತ್ತು ತರಬೇಡ್ರಿ. ಅದು ಇದ್ದ ಜಾಗದಲ್ಲೇ ಇದ್ದರೆ ಬೆಲೆ. ತಿಳಿದವರಿಗೆ ತೋರಿಸ್ರಿ.